ತಾನಾಗಿ ನಿಲ್ಲುವ ಫೋನೋ

ಚಪಾತಿ ಲಟ್ಟಿಸುವಾಗ ನನಗೆ ಹಾಡುವ ಚಟ. ಹಾಡುವುದು ಎಂದರೆ ದೊಡ್ಡ ಮಾತಾದೀತು, ಗುನುಗುವುದು ಎನ್ನಿ. ಅದೂ ಒಂದೇ ಹಾಡು. ಮನೆಯವರಿಗಷ್ಟೇ ಇರಲಿ, ಬೀಗರ ಪಂಕ್ತಿಗೇ ಇರಲಿ, ಹಿಟ್ಟಿನ ಉಂಡೆ ಮುಗಿಯುವವರೆಗೆ ಅದೇ ಹಾಡು ತಿರುತಿರುಗಿ ಬರುತ್ತದೆ. ಮೊನ್ನೆ ನಮ್ಮ ಸೊಸೆ ಅಡುಗೆ ಕಟ್ಟೆಗೆ ಆತುಕೊಂಡು ನಿಂತು ಕೇಳುತ್ತಿದ್ದಳು. ಸೊಸೆ ಕನ್ನಡದವಳೇ. ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ನಾಗಪುರದಲ್ಲಿ, ಹೀಗಾಗಿ ಅವಳ ಕನ್ನಡದಲ್ಲಿ ಹಿಂದಿಯೂ ಮರಾಠಿಯೂ ಬಾಡಿಗೆಗೆ ಇವೆ.

"ಅತ್ತೀ, ನೀವು ಹಮೇಶಾ ಬರೋಬರ್ ಇದೇ ಜಾಗಾದಾಗ ಯಾಕ ರುಕ್ತೀರಿ? ಉಸಿರು ಸಾಲೂದಿಲ್ಲೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ, ಬಿಚ್ಚಿ ಹಿಡಿದ ಪೇಪರಿನ ಹಿಂದಿನಿಂದ, "ಕಟಕ್!" ಎಂದು ದನಿ ಬಂತು. ನಾನು ಮುಂದಿನ ಸಾಲು ಹಿಡಿದೆ. ಸೊಸೆ ಒಮ್ಮೆ ನನ್ನ ಕಡೆ, ಒಮ್ಮೆ ಪಡಸಾಲೆಯ ಕಡೆ ನೋಡಿದಳು. "ಈ ಮನ್ಯಾಗ ಯಾರ ತಲಿನೂ ಠಿಕಾಣಿಗೆ ಇಲ್ಲ" ಎಂದು ತಾಟು ಎತ್ತಿಕೊಂಡು ಹೋದಳು.

ಅವಳಿಗೆ ನಾನು ಏನೂ ಹೇಳಲಿಲ್ಲ. ಕೇಳುವ ತಾಳ್ಮೆ ಇಲ್ಲದವರಿಗೆ ಹೇಳಿ ನನಗೇನಾಗಬೇಕು? ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಐವತ್ತರ ದಶಕದ ಮಾತು. ಈಗ ನಾವು ಮನೀಶ್ ನಗರದಲ್ಲಿ ಮಗನ ಮನೆಯಲ್ಲಿದ್ದೇವೆ. ಆಗ ನನ್ನ ತವರುಮನೆ ಇದ್ದದ್ದು ಇದೇ ನಾಗಪುರದ ಧರಮಪೇಠದಲ್ಲಿ. ಅಪ್ಪ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಗದಗಿನ ಕಡೆಯಿಂದ ವರ್ಗವಾಗಿ ಬಂದವನು, ಬೇಸಿಗೆಗೆ ಬೈಯುತ್ತ ಬೈಯುತ್ತಲೇ ಇಲ್ಲಿಯವನಾಗಿಬಿಟ್ಟಿದ್ದ. ಮನೆಯ ಕೆಳಗಿನ ಭಾಗ ನಮ್ಮದು. ಮೇಲೆ ಮನೆಯ ಒಡತಿ, ಮರಾಠಿಯ ಕಮಲಾ ಕಾಕು. ನಮ್ಮ ಮನೆಯಲ್ಲಿ ಚಮಚ ಬಿದ್ದರೂ ಕಾಕುವಿಗೆ ಗೊತ್ತಾಗುತ್ತಿತ್ತು, ಅಷ್ಟು ಹಗುರ ಅಟ್ಟ, ಅಷ್ಟು ಚುರುಕು ಕಿವಿ.

ನಮ್ಮಪ್ಪನಿಗೆ ತಾನಾಗಿ ನಡೆಯುವ ವಸ್ತುಗಳೆಂದರೆ ಪ್ರಾಣ. ತಾನಾಗಿ ಮುಚ್ಚಿಕೊಳ್ಳಲಿ ಎಂದು ಮುಂಬಾಗಿಲಿಗೆ ಸ್ಪ್ರಿಂಗ್ ಹಾಕಿಸಿದ್ದ. ಅದು ಬಂದವರನ್ನೆಲ್ಲ ಹಿಮ್ಮಡಿಗೆ ಹೊಡೆದು ಒಳಗೆ ನೂಕುತ್ತಿತ್ತು. ಹಾಲು ಉಕ್ಕುವ ಮೊದಲು ತಾನಾಗಿ ಗಡಗಡ ಸದ್ದು ಮಾಡುವ ಗಾಜಿನ ಬಿಲ್ಲೆಯೊಂದನ್ನು ತಂದಿದ್ದ. ಅವ್ವ ಅದನ್ನು ಹಾಲಿನ ಪಾತ್ರೆಗೆ ಹಾಕಿದಳು, ಅದು ಸದ್ದು ಮಾಡಿತು, ಇವಳು ಬೆಚ್ಚಿಬಿದ್ದು ಪಾತ್ರೆಯನ್ನೇ ಉರುಳಿಸಿದಳು. ಆಮೇಲೆ ಆ ಬಿಲ್ಲೆ ಎಲ್ಲಿ ಹೋಯಿತೆಂದು ಅಪ್ಪ ಬಹಳ ದಿನ ಹುಡುಕಿದ. ಅವ್ವನೂ ಅವನ ಜೊತೆ ಸೇರಿ ಹುಡುಕಿದಳು. ಅವ್ವನ ಮುಖ ನೋಡಿದ ನನಗೆ ಮಾತ್ರ ಅದು ಇನ್ನು ಸಿಗುವುದಿಲ್ಲ ಎಂದು ಗೊತ್ತಾಗಿತ್ತು.

ಅಂಥ ಮನುಷ್ಯನಿಗೆ ಗಾಂಧಿಬಾಗಿನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಫೋನೋ, ಅಂದರೆ ಗ್ರಾಮಫೋನು, ಕಣ್ಣಿಗೆ ಬಿತ್ತು. ವಿಲಾಯತಿಗೆ ಮರಳಿಹೋದ ಯಾವನೋ ಸಾಹೇಬನದು. ಆ ಕಾಲಕ್ಕೇ ಅದು ಮುದುಕಾಗಿತ್ತು. ಕರಿಮರದ ಪೆಟ್ಟಿಗೆ, ಪಕ್ಕದಲ್ಲಿ ಕೀಲಿ ಕೊಡುವ ಹಿಡಿಕೆ, ಮೇಲೆ ಹಸಿರು ಬನಾತು ಹಚ್ಚಿದ ತಿರುಗುವ ತಟ್ಟೆ. ಇಷ್ಟೇ ಆಗಿದ್ದರೆ ಅಪ್ಪ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಅದಕ್ಕೆ ಮತ್ತೆ ಯಾರೋ ಬೇರೆ ತಂದು ಜೋಡಿಸಿದ ಒಂದು ಉಪಕರಣವಿತ್ತು. ತಟ್ಟೆಯ ಮಗ್ಗುಲಿಗೆ ಹಿತ್ತಾಳೆಯ ಒಂದು ದುಂಡು ಮುಖ, ಅದರ ನಟ್ಟನಡುವೆ ಬಟಾಣಿಯಷ್ಟು ಉಬ್ಬು, ಅಲ್ಲಿಂದ ಒಂದು ತೆಳ್ಳನೆಯ ಕಡ್ಡಿ ಹೊರಟು ಮುಳ್ಳಿನ ತೋಳಿಗೆ ತಾಗಿಕೊಂಡಿತ್ತು.

"ಇದು ಆಟೋಮ್ಯಾಟಿಕ್ ಸ್ಟಾಪ್," ಎಂದು ಅಪ್ಪ ಟಾಂಗಾದಿಂದ ಇಳಿಯುವ ಮೊದಲೇ ಸಾರಿದ. "ಹಾಡು ಮುಗೀತಂದ್ರ ಯಾರೂ ಏಳಬೇಕಿಲ್ಲ, ಮುಟ್ಟಬೇಕಿಲ್ಲ. ತನಗ ತಾನ ನಿಲ್ತೈತಿ!"

"ನೀವು ಯಾವಾಗ ಹಂಗ ಆಗೋರು?" ಎಂದಳು ಅವ್ವ.

ಮಾತಿಗೆ ಹಾಗೆಂದಳೇ ಹೊರತು ಯಂತ್ರದ ಮರ್ಯಾದೆಗೆ ಕಡಿಮೆ ಮಾಡಲಿಲ್ಲ. ಅಂದು ಶುಕ್ರವಾರ. ಶುಕ್ರವಾರ ಹೊಸ ಸಾಮಾನು ಹೊಸ್ತಿಲಿಗೆ ಬಂದರೆ ಅರಿಷಿಣ ಕುಂಕುಮ ಹಚ್ಚದೆ ಒಳಗೆ ಬಿಡುವವಳಲ್ಲ ನಮ್ಮವ್ವ. ತಟ್ಟೆ ಹಿಡಿದು ಬಂದವಳು ಫೋನೋದ ಹಣೆ ಎಲ್ಲಿದೆ ಎಂದು ಸುತ್ತೆಲ್ಲ ನೋಡಿದಳು. ಪೆಟ್ಟಿಗೆ ಹೊಟ್ಟೆಯಾಯಿತು, ಹಿಡಿಕೆ ಕೈಯಾಯಿತು. ಕಡೆಗೆ ಹಿತ್ತಾಳೆಯ ದುಂಡು ಮುಖ ಸಿಕ್ಕಿತು; ನಡುವೆ ಉಬ್ಬು ಬೇರೆ, ಕುಂಕುಮಕ್ಕೆಂದೇ ಮಾಡಿದ ಹಾಗೆ. ಎಣ್ಣೆಯಲ್ಲಿ ಕಲಸಿದ ಅರಿಷಿಣ ಬಳಿದು, ಮೇಲೆ ಕುಂಕುಮ ಒತ್ತಿದಳು. ಅಂದಿನಿಂದ ಪ್ರತಿ ಶುಕ್ರವಾರ ತುಳಸಿ, ಹೊಸ್ತಿಲು, ಬೀಸುಕಲ್ಲು ಇವುಗಳ ಸಾಲಿನಲ್ಲಿ ಫೋನೋ ಕೂಡ ಸೇರಿತು.

ಕೀಲಿ ಕೊಡುವ ಅಧಿಕಾರ ಅಪ್ಪನಿಗೆ ಮಾತ್ರ. ಪ್ಲೇಟು ಹಾಕುವುದು, ಪಿನ್ನು ಬದಲಿಸುವುದು, ಎಲ್ಲ ಅವನೇ. ತೇದುಹೋದ ಪಿನ್ನುಗಳು ನನ್ನ ಪಾಲಿಗೆ. ಚಿಕ್ಕ ತಗಡಿನ ಡಬ್ಬಿಯಲ್ಲಿ ಕೂಡಿಟ್ಟು ಅಲುಗಾಡಿಸಿ ಸದ್ದು ಕೇಳುವುದು ನನ್ನ ಸಂಪತ್ತು. ಆಗ ನಾನೇನು ಕೂಸಲ್ಲ, ಮದುವೆಗೆ ಬಂದ ಹುಡುಗಿ. ಆದರೂ ಡಬ್ಬಿ ಅಲುಗಾಡಿಸುವ ಸುಖ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಪ್ಲೇಟುಗಳು ಸೊಟ್ಟಗಾಗದಿರಲೆಂದು ಅಪ್ಪ ಅವನ್ನು ಒದ್ದೆ ಲಾವಂಚದ ತಟ್ಟಿಯ ಬಳಿ ಇಡುತ್ತಿದ್ದ. ಹೀಗಾಗಿ ನಮ್ಮ ಮನೆಯ ಹಾಡುಗಳಿಗೆಲ್ಲ ಲಾವಂಚದ ವಾಸನೆ.

ಪ್ಲೇಟು ಇದ್ದವು ಮೂರೋ ನಾಲ್ಕೋ. ಒಂದು ಇಂಗ್ಲಿಷ್ ಬ್ಯಾಂಡು, ಒಂದು ಕಾಕು ಕೊಟ್ಟ ಮರಾಠಿ ಹಾಡು. ಕನ್ನಡದ್ದು ಒಂದೇ ಒಂದು, ಹುಬ್ಬಳ್ಳಿಯ ಸೋದರಮಾವ ಕಳಿಸಿದ್ದು, ಯಾವುದೋ ನಾಟಕ ಕಂಪನಿಯ ಹಾಡು. ಹೆಂಡತಿ ದೀಪ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಗಂಡ ಬಂದಿಲ್ಲ. ಚಂದ್ರನನ್ನು ಬೈಯುತ್ತಾಳೆ, ಗಾಳಿಯನ್ನು ಬೈಯುತ್ತಾಳೆ, ಕಡೆಗೆ ದನಿ ಏರಿಸಿ ಬಾ ಎಂದು ಕರೆಯುತ್ತಾಳೆ. ಅಲ್ಲಿಗೆ ಕಟಕ್! ತಟ್ಟೆ ಗಪ್ಪನೆ ನಿಂತುಬಿಡುತ್ತಿತ್ತು. ಅವ್ವ ಪ್ರತಿ ಸಲವೂ ಸೆರಗಿನಿಂದ ಕಣ್ಣೊರಸಿಕೊಂಡು, "ಪಾಪ, ಆಕೀ ಗಂಡ ಬರಲೇ ಇಲ್ಲ ನೋಡು" ಎನ್ನುತ್ತಿದ್ದಳು.

ಪ್ಲೇಟಿನ ಒಳಭಾಗದಲ್ಲಿ ಎರಡು ಬೆರಳಿನಷ್ಟು ಕರಿ ಜಾಗ ಮುಟ್ಟದೆ ಉಳಿಯುತ್ತಿತ್ತು. ನಾನೊಮ್ಮೆ ಕೇಳಿದ್ದೆ. "ಸೀರಿಗೆ ಅಂಚು ಇರೂದಿಲ್ಲೇನು? ಹಂಗ ಇದು ಪ್ಲೇಟಿನ ಅಂಚು" ಎಂದು ಅಪ್ಪ ಹೇಳಿದ. ಬ್ಯಾಂಡೂ ಅಲ್ಲಿಗೇ ನಿಲ್ಲುತ್ತಿತ್ತು, ಮರಾಠಿ ಹಾಡೂ ಅಲ್ಲಿಗೇ ನಿಲ್ಲುತ್ತಿತ್ತು. ಅದರಿಂದ ಅಪ್ಪನ ಭಕ್ತಿ ಇನ್ನಷ್ಟು ಹೆಚ್ಚಿತು. "ನೋಡ್ರಿ ಶಿಸ್ತು! ಯಾವ ಗಾಡಿ ಬರ್ಲಿ, ಪ್ಲಾಟ್‌ಫಾರ್ಮಿನ ಅದೇ ಜಾಗಾದಾಗ ನಿಲ್ಲಬೇಕು."

ಕಾಕು ಒಬ್ಬರಿಗೇ ಸಂಶಯ. ಮೆಟ್ಟಿಲ ಮೇಲೆ ಕೂತು ಸಂತ್ರಾ ಹಣ್ಣು ಸುಲಿಯುತ್ತ, "ಅಹೋ, ಗಾಣಂ ಅರ್ಧಂಚ್ ವಾಟತಂ" ಎನ್ನುತ್ತಿದ್ದರು. ಹಾಡು ಅರ್ಧವೇ ಅನಿಸುತ್ತದೆ ಎಂದು. ಅಪ್ಪ ತನ್ನ ಗದಗಿನ ಮರಾಠಿಯಲ್ಲಿ, ಮರಾಠಿ ಹಾಡುಗಳೇ ಉದ್ದ, ನಮ್ಮ ಕನ್ನಡದವರು ಹೇಳುವುದನ್ನು ಚುಟುಕಾಗಿ ಹೇಳುತ್ತಾರೆ ಎಂದು ಉತ್ತರ ಕೊಡುತ್ತಿದ್ದ. ಚುಟುಕಿನ ಮಾತನ್ನು ನಮ್ಮಪ್ಪ ಹೇಳಿದ್ದು ಅರ್ಧ ತಾಸಾದರೂ ನಡೆದಿರಬೇಕು.

ಇನ್ನು ನನ್ನ ವಿಚಾರ. ಆಗ ಹೆಣ್ಣು ನೋಡಲು ಬಂದವರು ಮೂರು ಮಾತು ಕೇಳಿಯೇ ಕೇಳುತ್ತಿದ್ದರು: ಹೆಸರೇನು, ಅಡಿಗಿ ಬರ್ತದೇನು, ಹಾಡು ಬರ್ತದೇನು. ಹೆಸರು ಸುಶೀಲಾ. ಅಡುಗೆ ಬರುತ್ತದೆಂದು ಅವ್ವ ನನ್ನ ಪರವಾಗಿ ಸುಳ್ಳು ಹೇಳುತ್ತಿದ್ದಳು. ಹಾಡಿಗೆ ಮಾತ್ರ ನಾನೇ ಬಾಯಿ ತೆರೆಯಬೇಕಿತ್ತು. ನನಗೆ ಬರುತ್ತಿದ್ದದ್ದು ಎರಡು. ಒಂದು ಮಂಗಳಾರತಿ. ಅದನ್ನು ಹಾಡಿದರೆ ಬಂದವರು ಕೈಮುಗಿದು ಎದ್ದು ನಿಂತು ಹೊರಟೇಬಿಡುವ ಅಪಾಯ. ಉಳಿದದ್ದು ಫೋನೋದ ಹಾಡು. ಅದನ್ನು ನಾನು ಅಕ್ಷರ ಅಕ್ಷರ ಕಲಿತಿದ್ದೆ. ಎಲ್ಲಿ ಎಳೆಯಬೇಕು, ಎಲ್ಲಿ ಬಿಕ್ಕಬೇಕು, ಎಲ್ಲಿ ನಿಲ್ಲಬೇಕು ಎಲ್ಲವನ್ನೂ.

ಮೊದಲು ನೋಡಲು ಬಂದವರು ವರ್ಧಾದ ಒಂದು ಮನೆತನ. ಹುಡುಗನ ಅತ್ತೆಯೊಬ್ಬಳು ಮುಂದಾಳು. ಹಾಡು ಅಂದಳು, ಹಾಡಿದೆ. ಬಾ ಎಂಬಲ್ಲಿಗೆ ದನಿ ಏರಿಸಿ ಗಪ್ಪನೆ ನಿಂತೆ. ಕಣ್ಣು ಕೂಡ ಮಿಟುಕಿಸಲಿಲ್ಲ ಎಂದು ಅವ್ವ ಆಮೇಲೆ ಹೇಳಿದಳು. ಎಲ್ಲರೂ ಕತ್ತು ಮುಂದೆ ಚಾಚಿಕೊಂಡು ಕಾದರು. ಕಾದೇ ಕಾದರು.

"ಮುಂದ?" ಎಂದಳು ಆ ಅತ್ತೆ.

"ಮುಂದ ಇಲ್ರೀ."

"ಇಲ್ಲಂದ್ರ?"

"ಮುಗೀತ್ರೀ."

ಅವರು ಅವಲಕ್ಕಿ ತಿಂದರು, ಚಹಾ ಕುಡಿದರು, ಬಾಗಿಲ ಸ್ಪ್ರಿಂಗಿನಿಂದ ಹಿಮ್ಮಡಿಗೆ ಹೊಡೆಸಿಕೊಂಡು ಹೋದರು. ವಾರದಲ್ಲಿ ಸುದ್ದಿ ಬಂತು: ಹುಡುಗಿ ರೂಪವಾಗಿದ್ದಾಳೆ, ಆದರೆ ನಡುನಡುವೆ ನಿಂತುಬಿಡುತ್ತಾಳಂತೆ, ಮೈಯಲ್ಲಿ ಏನೋ ಇರಬೇಕು. ನಾಗಪುರದಲ್ಲಿ ಕನ್ನಡದ ಮನೆಗಳೇ ಕೆಲವು. ಸುದ್ದಿಗೆ ನಡೆಯುವ ಶ್ರಮವೂ ಇಲ್ಲ, ಒಂದು ಅಡುಗೆಮನೆಯಿಂದ ಇನ್ನೊಂದಕ್ಕೆ ಹೊಗೆಯಂತೆ ಹೋಗುತ್ತದೆ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಪರಿಚಯದ ಹೆಂಗಸೊಬ್ಬಳು ನನ್ನನ್ನೇ ನೆಟ್ಟಗೆ ನೋಡುತ್ತ ನಿಂತಿದ್ದಳು, ನಾನು ಯಾವಾಗ ನಿಲ್ಲುತ್ತೇನೋ ಎಂದು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅಂದು ಮನೆಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ.

ಕಾಕು ಈ ಸಲ ಮೆಟ್ಟಿಲ ಮೇಲೆ ಕೂರಲಿಲ್ಲ, ಸೀದಾ ಕೆಳಗಿಳಿದು ಬಂದರು. ಅಪ್ಪನ ಕೈಯಲ್ಲಿ ಪ್ಲೇಟು ಕೊಟ್ಟು, ಆ ಕರಿ ಅಂಚಿನ ಮೇಲೆ ಬೆರಳಿಟ್ಟು, "ನೀಟ್ ಬಘಾ" ಎಂದರು. ಸರಿಯಾಗಿ ನೋಡಿ ಎಂದು. ಅಪ್ಪ ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನ ಮೇಲೂ ಗೆರೆಗಳಿದ್ದವು. ಉಳಿದ ಜಾಗದಲ್ಲಿದ್ದಂಥವೇ, ಒತ್ತೊತ್ತಾಗಿ, ಮಿರಮಿರ ಮಿಂಚುವ ಹಾಡಿನ ಗೆರೆಗಳು.

ಅಪ್ಪ ಕುರ್ಚಿಯ ಮೇಲೆ ಕುಸಿದು ಕೂತ. "ಸುಶೀ," ಎಂದ, "ಹಾಡು ಇನ್ನೂ ಐತೆವಾ."

ಇಲ್ಲಿಗೆ ನಗು ಸ್ವಲ್ಪ ನಿಲ್ಲಿಸಿ, ನನ್ನ ಸಂಕಟವನ್ನೂ ಕೇಳಿ. ಮುಂದಿನ ರವಿವಾರ ಇನ್ನೊಬ್ಬರು ನೋಡಲು ಬರುವವರಿದ್ದರು. ಯಾರೋ ಅಲ್ಲ. ಬೈಲಹೊಂಗಲದ ಕಡೆಯವರು, ಇಲ್ಲಿ ಸರಕಾರಿ ಕಾರ್ಖಾನೆಯಲ್ಲಿ ನಕ್ಷೆ ತೆಗೆಯುವ ಕೆಲಸ. ಸಂಕ್ರಾಂತಿಗೆ ಕನ್ನಡದವರೆಲ್ಲ ಸೇರಿ ಎಳ್ಳುಬೆಲ್ಲ ಹಂಚುವಾಗ ನಾನು ಅವರನ್ನು ನೋಡಿದ್ದೆ. ಭಾಷಣದವರ ಮೈಕು ಕೆಟ್ಟಿತ್ತು, ಇವರು ಸರಿಮಾಡಲು ಹೋಗಿ ಝುಮ್ಮೆಂದು ಶಾಕು ಹೊಡೆಸಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಮುಖ ಗಂಟುಹಾಕಿಕೊಳ್ಳುತ್ತಿದ್ದರು. ಇವರು ಕೈ ಝಾಡಿಸಿ ಬಿದ್ದು ಬಿದ್ದು ನಕ್ಕರು, ಮತ್ತೆ ಅದೇ ತಂತಿಗೆ ಕೈಹಾಕಿದರು. ಆ ನಗು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸುತ್ತಿ ಬಳಸಿ ಯಾಕೆ ಹೇಳಲಿ, ನನಗೆ ಅವರು ಬೇಕಾಗಿದ್ದರು. ಈ ಮಾತನ್ನು ನಾನು ಅವ್ವನಿಗೂ ಹೇಳಿರಲಿಲ್ಲ. ನಡುವೆ ನಿಂತುಬಿಡುವ ಹುಡುಗಿ ಎಂಬ ಮಾತು ಅವರ ಮನೆಗೂ ತಲುಪಿದೆ ಎಂದು ಆಗಲೇ ಕಿವಿಗೆ ಬಿದ್ದಿತ್ತು. ರವಿವಾರದೊಳಗೆ ಫೋನೋ ಸರಿಯಾಗಬೇಕು, ನಾನು ಮಿಕ್ಕ ಹಾಡು ಕಲಿಯಬೇಕು, ಪೂರ್ತಿ ಹಾಡಿ ತೋರಿಸಬೇಕು. ಆಗ ಲೋಕದಲ್ಲಿ ನನಗಿದ್ದದ್ದು ಇದೊಂದೇ ಕೆಲಸ.

ಅಪ್ಪ ರಿಪೇರಿಗೆ ಕೂತ. ಮೊದಲು ಮುಳ್ಳನ್ನು ಎತ್ತಿ ಸೀದಾ ಆ ಅಂಚಿನ ಮೇಲೇ ಇಡಲು ಹೋದ. ತೋಳು ಕಡ್ಡಿಗೆ ತಾಗಿದ ಕ್ಷಣವೇ ಕಟಕ್. ಬ್ರೇಕು ಹಿಂದಕ್ಕೆ ಎಳೆದು ಮತ್ತೆ ನೂಕಿದ, ಮತ್ತೆ ಕಟಕ್. ಸ್ಟಾಪಿನ ಕಡ್ಡಿ ತೋಳಿಗೆ ಅಡ್ಡಗಟ್ಟಿ ನಿಂತಿತ್ತು. ಕೀಲುಗಳಿಗೆ ಔಡಲೆಣ್ಣೆ ಬಿಟ್ಟ. ಅದು ಹರಿದು ಬ್ರೇಕಿನ ತೊಗಲಿಗೆ ತಾಗಿ, ತಟ್ಟೆ ನಿಲ್ಲುವುದನ್ನೇ ಮರೆಯಿತು. ಆದರೆ ಕಡ್ಡಿಯ ಅಡ್ಡಗಾಲು ಹಾಗೇ ಇತ್ತಲ್ಲ. ಮುಳ್ಳು ಮುಂದೆ ಹೋಗಲಾರದೆ ಅದೇ ಒಂದು ಗೆರೆಯಲ್ಲಿ ಸುತ್ತತೊಡಗಿತು. ಬಾಗಿಲಲ್ಲಿ ನಿಂತ ಆ ಹೆಣ್ಣುಮಗಳು "ಬಾ, ಬಾ, ಬಾ, ಬಾ" ಎಂದು ಒಂದೇ ಸಮನೆ ಕರೆದಳು.

"ಹಿಂಗ ಬೆನ್ನು ಹತ್ತಿ ಕರದ್ರ ಯಾವ ಗಂಡಸು ಬಂದಾನು?" ಎಂದಳು ಅವ್ವ.

ಸೀಮೆಎಣ್ಣೆಯಲ್ಲಿ ತೊಗಲು ತೊಳೆದ ಮೇಲೆ ಮತ್ತೆ ಕಟಕ್ ಮರಳಿತು. ಅಪ್ಪ ಪೆಟ್ಟಿಗೆ ಬಿಚ್ಚಿದ. ಚಾಪೆಯ ಮೇಲೆ ತಿರುಪು, ಬಳೆ, ಹಲ್ಲಿನ ಚಕ್ರಗಳೆಲ್ಲ ಹರಡಿಕೊಂಡವು. ಮತ್ತೆ ಕೂಡಿಸಿದಾಗ ಒಂದು ತಿರುಪು ಮಿಕ್ಕಿತು. ಅದು ಮೊದಲಿನಿಂದಲೂ ಹೆಚ್ಚಾಗಿತ್ತೆಂದು ಅಪ್ಪ ಸಾಧಿಸಿದ. ಎಲ್ಲವನ್ನೂ ಬಿಚ್ಚಿದ, ಎಲ್ಲವನ್ನೂ ಉಜ್ಜಿದ, ಹಿತ್ತಾಳೆಯ ಮುಖವೊಂದನ್ನು ಬಿಟ್ಟು. ಅದಕ್ಕೆ ಕೈ ಹಾಕಲು ಹೋದಾಗ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಕುಂಕುಮದ ಜಾಗಾ ಮುಟ್ಟಬ್ಯಾಡ್ರಿ! ಹುಡುಗಿ ಲಗ್ನದ ಹೊತ್ತಿನ್ಯಾಗ ಕುಂಕುಮ ಒರಸ್ತಾರೇನು ಯಾರರೆ?"

ಅಪ್ಪ ಕೈ ಹಿಂದಕ್ಕೆ ತೆಗೆದ. ತಾನೂ ಹಾಗೇ ನಂಬಿದವನು. ಆ ಕುಂಕುಮದ ಸುತ್ತ ಒದ್ದೆ ಬಟ್ಟೆಯನ್ನು ಪ್ರದಕ್ಷಿಣೆ ಹಾಕಿಸಿ ಸುಮ್ಮನಾದ. ಅಷ್ಟು ಶುಕ್ರವಾರಗಳ ಅರಿಷಿಣ, ಎಣ್ಣೆ, ಕುಂಕುಮ ಒಂದರ ಮೇಲೊಂದು ಕೂತು, ಅಲ್ಲೀಗ ಉಬ್ಬೂ ಕಾಣುತ್ತಿರಲಿಲ್ಲ, ಹಿತ್ತಾಳೆಯೂ ಕಾಣುತ್ತಿರಲಿಲ್ಲ.

"ಆ ಸುಡಗಾಡು ಸ್ಟಾಪನ್ನ ಮುರದು ಒಗೀರಿ ಅಪ್ಪಾ," ಎಂದೆ ನಾನು ಅಳುದನಿಯಲ್ಲಿ.

"ಅದನ್ನ ಒಗದ್ರ," ಎಂದ ಅಪ್ಪ, ನನಗಿಂತ ಅಳುದನಿಯಲ್ಲಿ, "ಇದು ಬರೇ ಫೋನೋ ಆಗ್ತೈತೆವಾ."

ರವಿವಾರ ಬಂತು. ಫೋನೋ ಹೇಗಿತ್ತೋ ಹಾಗೇ ಇತ್ತು. ಕಡೆಯ ಗಳಿಗೆಯಲ್ಲಿ ಅವ್ವ ಉಪಾಯ ಹೇಳಿಕೊಟ್ಟಳು: ಬಾ ಎಂದ ಮೇಲೆ ನಿಲ್ಲಬೇಡ, ಮೊದಲಿನ ಸಾಲನ್ನೇ ಮತ್ತೆ ಹಿಡಿದು ಮೆಲ್ಲಗೆ ಇಳಿಸಿಬಿಡು. ಸುಲಭ ಅನಿಸಿತು. ಅಡುಗೆಮನೆಯಲ್ಲಿ ಹಾಡಿ ನೋಡಿದೆ, ಬಂತು ಕೂಡ.

ಅವರು ಬಂದರು. ಜೊತೆಗೆ ಅವರ ಅಕ್ಕ ಮತ್ತು ಅಕ್ಕನ ಯಜಮಾನರು. ತಂದೆತಾಯಿ ಇಲ್ಲದ ಮನೆ. ಅಕ್ಕ ಒಪ್ಪಿದರೆ ಒಪ್ಪಿದಂತೆ. ಎತ್ತರದ ಹೆಂಗಸು, ಕಣ್ಣು ಚುರುಕು. ಬಾಗಿಲ ಸ್ಪ್ರಿಂಗು ಹೊಡೆಯುವ ಮೊದಲೇ ಅದನ್ನು ಕೈಯಲ್ಲಿ ತಡೆದು ಒಳಗೆ ಬಂದವರು ಅವರೊಬ್ಬರೇ. ಹೆಸರು ಕೇಳಿದರು, ಅಡುಗೆ ಕೇಳಿದರು. ಆಮೇಲೆ ನನ್ನನ್ನೇ ನೋಡುತ್ತ, "ಒಂದು ಹಾಡು ಹೇಳವಾ, ಪೂರಾ" ಎಂದರು. ಆ 'ಪೂರಾ' ಸುಮ್ಮನೆ ಬಂದದ್ದಲ್ಲ ಎಂದು ನನಗೆ ತಿಳಿಯಿತು.

ಹಾಡಿದೆ. ದೀಪ ಹಿಡಿದೆ, ಚಂದ್ರನನ್ನು ಬೈದೆ, ಗಾಳಿಯನ್ನು ಬೈದೆ. ಬಾ ಎಂದು ದನಿ ಏರಿಸಿದೆ. ಮೊದಲಿನ ಸಾಲು ಹಿಡಿಯಬೇಕು ಎಂದು ತಲೆ ಹೇಳುತ್ತಿತ್ತು. ಗಂಟಲು ಕೇಳಲಿಲ್ಲ. ಅಷ್ಟು ದಿನಗಳ ರೂಢಿ, ಅಲ್ಲಿಗೆ ಗಪ್ಪನೆ ಮುಚ್ಚಿಕೊಂಡಿತು. ಅಕ್ಕ ಯಜಮಾನರ ಕಡೆ ನೋಡಿದರು, ಅವರು ಛತ್ತಿನ ಕಡೆ ನೋಡಿದರು. ಅವ್ವ ಸೆರಗಿನ ತುದಿ ಕಚ್ಚಿಕೊಂಡಳು. ಬಾಗಿಲ ಮರೆಯಲ್ಲಿದ್ದ ಕಾಕು, "ಅಗ ಬಾಈ" ಎಂದು ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಮುಗಿಯಿತು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು.

ಆಗ ಮೂಲೆಯ ಕುರ್ಚಿಯಿಂದ ಒಂದು ಶಬ್ದ ಬಂತು.

"ಕಟಕ್."

ನಾನು ತಲೆ ಎತ್ತಿದೆ. ಅವರು ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ, ಕಣ್ಣಲ್ಲೇ ನಗುತ್ತಿದ್ದರು. ಅವರು ನನಗೆ ಆಡಿದ ಮೊದಲ ಮಾತು ಅದೇ. ಎರಡನೆಯದು, "ಮಶೀನಿನ ಮ್ಯಾಲೆ ಕಲ್ತೀರೇನು?"

"ಹೌದ್ರಿ," ಎಂದೆ.

"ಆಟೋಮ್ಯಾಟಿಕ್ ಸ್ಟಾಪ್ ಐತಿ, ಹೌದಲ್ರೀ?"

ಅಪ್ಪನ ಮುಖ ನೋಡಬೇಕಿತ್ತು. ತಾನಾಗಿ ನಡೆಯುವ ವಸ್ತುವಿನ ಹೆಸರು ಹೇಳುವ ಅಳಿಯ! "ಐತಿ! ಐತಿ! ಬರ್ರಿ, ತೋರಸ್ತೀನಿ" ಎಂದು ಅವರ ಕೈ ಹಿಡಿದು ಎಬ್ಬಿಸಿಯೇಬಿಟ್ಟ. ಅವರು ಹೋಗುತ್ತ ಅಕ್ಕನ ಕಡೆ ತಿರುಗಿ, "ಹುಡುಗಿಗೆ ಏನೂ ಆಗಿಲ್ಲಕ್ಕಾ. ಆಗಿದ್ದೆಲ್ಲಾ ಮಶೀನಿಗೆ" ಎಂದರು. ಹೆಣ್ಣು ನೋಡುವುದು ಅಲ್ಲಿಗೆ ನಿಂತಿತು, ಎಲ್ಲರೂ ಫೋನೋ ನೋಡಲು ಎದ್ದರು. ನಾನೊಬ್ಬಳು ಚಾಪೆಯ ಮೇಲೆ ಉಳಿದೆ. ಆಮೇಲೆ ನಾನೂ ಎದ್ದು ಹೋದೆ, ಯಾರು ನೋಡುತ್ತಾರೆ?

ಅವರು ಯಂತ್ರದ ಸುತ್ತ ಒಮ್ಮೆ ಬಂದು, ಕಡ್ಡಿಯ ಗುಂಟ ಬೆರಳು ಆಡಿಸುತ್ತ ಕುಂಕುಮದ ಗುಡ್ಡೆಯ ತನಕ ಬಂದು ನಿಂತರು. "ಇದರ ಕೆಳಗ ಒಂದು ಗುಂಡಿ ಇರಬೇಕಲ್ರೀ?"

ಅಪ್ಪ ಅವ್ವನನ್ನು ನೋಡಿದ.

"ಈ ಸ್ಟಾಪಿಗೆ ಹಾಡು ಎಲ್ಲಿ ಮುಗೀತೈತಿ ಅಂತ ಗೊತ್ತಾಗೂದಿಲ್ರಿ ಮಾವ. ನಾವ ಹೇಳಬೇಕು. ಪ್ಲೇಟು ಬದಲಿ ಮಾಡಿದಾಗೊಮ್ಮೆ ಈ ಗುಂಡಿ ಒತ್ತಿ ಹಿಡದು, ಮುಳ್ಳನ್ನ ಕಡೀ ಗೆರಿ ಮ್ಯಾಲೆ ಇಟ್ಟು ಗುಂಡಿ ಬಿಡಬೇಕು. ಅಲ್ಲಿಗೆ ನಿಲ್ತೈತಿ. ಆ ಸಾಹೇಬ ತನ್ನ ಯಾವುದೋ ಗಿಡ್ಡ ಹಾಡಿಗೆ ಹೊಂದಿಸಿ ಇಟ್ಟು ಹೋಗ್ಯಾನ. ನೀವು ಇಟಾರ್ಸಿ ಟಿಕೀಟು ತಗಸಿ ಎಲ್ಲಾರನ್ನೂ ನಡುದಾರ್ಯಾಗ ಆಮ್ಲಾದಾಗ ಇಳಸಾಕತ್ತೀರಿ."

ರೈಲ್ವೆಯವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ? ಅಪ್ಪ ಹಣೆ ಹಣೆ ಬಡಿದುಕೊಂಡು ನಕ್ಕ. ಆದರೆ ಗುಂಡಿ ಕುಂಕುಮದಡಿ ಕಲ್ಲಾಗಿ ಕೂತಿತ್ತು, ಒತ್ತಿದರೆ ಒತ್ತಲಾರದು. ಅವ್ವನ ಮುಖ ಸಣ್ಣದಾಯಿತು. ಅವರು ಅದನ್ನು ಗಮನಿಸಿದರು. ತಾವು ಮುಟ್ಟಲಿಲ್ಲ. "ಅತ್ತೀ, ನಾವು ಒರಸೂದು ಬ್ಯಾಡ. ಇದು ಹಣೀ ಅಲ್ಲ, ಕಿವಿ. ನೀವ ಇದನ್ನ ತೊಳದು, ಹಣೀ ಇರೋ ಕಡೆ ಹೊಸದಾಗಿ ಹಚ್ರಿ" ಎಂದು ಪೆಟ್ಟಿಗೆಯ ಮುಂಭಾಗದ ಮರವನ್ನು ತಟ್ಟಿ ತೋರಿಸಿದರು. ಅವ್ವ ಮೊದಲು ಅಲ್ಲಿ ಹೊಸ ಕುಂಕುಮ ಹಚ್ಚಿದಳು. ಹಚ್ಚಿ ಕೈಮುಗಿದ ಮೇಲೆಯೇ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯದನ್ನು ನೆನೆಸಿ ತೆಗೆದಳು. ಕೆಂಪು, ಹಳದಿ, ಮತ್ತೆ ಕೆಂಪು. ಕಡೆಗೆ ಹಿತ್ತಾಳೆಯ ಗುಂಡಿ ಫಳಫಳ ಹೊಳೆಯುತ್ತ ಮೇಲೆ ಬಂತು.

ಅವರು ಗುಂಡಿ ಒತ್ತಿ ಹಿಡಿದು, ಮುಳ್ಳನ್ನು ಕಡೆಯ ಗೆರೆಯ ಮೇಲಿಟ್ಟು ಗುಂಡಿ ಬಿಟ್ಟರು. ಅಪ್ಪ ಕೀಲಿ ಕೊಟ್ಟ. ಹಾಡು ಮೊದಲಿನಿಂದ ಹೊರಟಿತು. ದೀಪ, ಚಂದ್ರ, ಗಾಳಿ, ಬಾ! ನಾವು ಮೂವರೂ ಒಟ್ಟಿಗೆ ಉಸಿರು ಬಿಗಿಹಿಡಿದೆವು. ಮುಳ್ಳು ಆ ಗೆರೆ ದಾಟಿತು. ದಾಟಿದ್ದೇ ತಬಲಾದ ನಡೆ ಬದಲಾಗಿ, ದುಡುದುಡು ಓಡತೊಡಗಿತು. ಒಬ್ಬ ಗಂಡಸಿನ ದನಿ, ನಗುನಗುತ್ತ, ಬಂದೆ ಬಂದೆ ಎನ್ನುತ್ತ ಹಾಡಿನೊಳಗೆ ಬಂತು!

"ಅಯ್ಯ ಶಿವನೇ," ಎಂದು ಅವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಬಂದಾನ! ಆಕೀ ಗಂಡ ಬಂದಾನ!"

ಎಷ್ಟು ದಿನ ಆ ಹೆಣ್ಣುಮಗಳನ್ನು ನಾವು ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದೆವು! ಅವನು ಎರಡು ಬೆರಳಿನಾಚೆ ಕಾದು ನಿಂತಿದ್ದ. ಕಾಕು ಬಾಗಿಲ ಮರೆ ಬಿಟ್ಟು ಬಂದು ಚಪ್ಪಾಳೆ ಹೊಡೆದರು. ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಡಿ ಹಾಡಿ, ಒಬ್ಬರನ್ನೊಬ್ಬರು ಛೇಡಿಸಿ, ಹಾಡು ಪೂರ್ತಿ ಮುಗಿದ ಮೇಲೆ ಸ್ಟಾಪು ಕಟಕ್ ಎಂದಿತು. ಅಪ್ಪ ಎದ್ದು ನಿಂತು ಸ್ಟಾಪಿಗೆ ನಮಸ್ಕಾರ ಮಾಡಿದ.

ಈ ಗದ್ದಲದಲ್ಲಿ ಅಕ್ಕ ಮಾತ್ರ ನಗಲಿಲ್ಲ. ಬಂದ ಕೆಲಸ ಮರೆಯುವವರಲ್ಲ ಅವರು. "ಅದೆಲ್ಲಾ ಖರೆ," ಎಂದರು ನನ್ನ ಕಡೆ ತಿರುಗಿ, "ಆದ್ರ ಹುಡುಗಿ ಪೂರಾ ಹಾಡಿದ್ದು ನಾವಿನ್ನೂ ಕೇಳಲಿಲ್ಲ. ಈಗ ಮುಂದಿಂದು ಹಾಡವಾ, ನೋಡೂಣು."

ಒಮ್ಮೆ ಕೇಳಿದ್ದನ್ನು ಹೇಗೆ ಹಾಡಲಿ? ಅವ್ವ ಬಾಯಿ ತೆರೆದಳು. ಅಪ್ಪ ಬಾಯಿ ತೆರೆದ. ಇಬ್ಬರಿಗೂ ಮಾತು ಹೊರಡುವ ಮೊದಲೇ ಅವರು, ಇನ್ನೂ ಆ ಗುಂಡಿಯ ಮೇಲೆ ಬೆರಳು ಇಟ್ಟುಕೊಂಡೇ, ಯಂತ್ರಕ್ಕೆ ಹೇಳುವವರ ಹಾಗೆ ಹೇಳಿದರು:

"ಈಗ ಬ್ಯಾಡಕ್ಕಾ. ಮುಂದಿಂದು ನಮ್ಮ ಮನ್ಯಾಗ ಕಲೀತಾರ."

ಅಕ್ಕ ತಮ್ಮನ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಮೊದಲ ಸಲ ನಕ್ಕು, "ಹಂಗಾದ್ರ ಕುಂಕುಮ ಹಚ್ಚಲ್ರೀ" ಎಂದು ಅವ್ವನ ತಟ್ಟೆ ತೆಗೆದುಕೊಂಡರು. ಈ ಸಲ ಅದು ಹಣೆಗೇ ಬಿತ್ತು, ನನ್ನ ಹಣೆಗೆ.

ಫೋನೋ ನನ್ನ ಜೊತೆಗೇ ಗಂಡನ ಮನೆಗೆ ಬಂತು. ಮುಂದಿನದನ್ನು ನಾನು ಕಲಿತೆ. ಗಂಡಸಿನ ಭಾಗ ಹಾಡಲು ಇವರೂ ಪ್ರಯತ್ನಪಟ್ಟರು; ಆ ವಿಷಯ ನಾನು ಎತ್ತದಿರುವುದೇ ಒಳ್ಳೆಯದು. ಹಾಡೇನೋ ಪೂರ್ತಿಯಾಯಿತು, ಆದರೆ ಬಾ ಎಂದ ಮೇಲೆ ನನ್ನ ಗಂಟಲು ಒಂದು ಗಳಿಗೆ ನಿಲ್ಲುವುದು ಹೋಗಲೇ ಇಲ್ಲ. ಇವರು ಕಟಕ್ ಎನ್ನುವವರೆಗೆ ಮುಂದಿನದು ಬರುವುದಿಲ್ಲ. ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ನಾನು ಅಡುಗೆಮನೆಯಲ್ಲಿ ಅಲ್ಲಿಗೆ ಬಂದು ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತು ಕಾಯಬೇಕಾಗುತ್ತಿತ್ತು. ಬರುತ್ತಿತ್ತು. ಈಗ ಫೋನೋ ಕಪಾಟಿನ ಮೇಲಿದೆ. ಅದರ ಸ್ಪ್ರಿಂಗು ಕಡಿದು ಕಾಲವಾಯಿತು, ಸ್ಟಾಪು ಮಾತ್ರ ಬರೋಬರ್ ಇದೆ.

ನಿನ್ನೆ ನನ್ನ ಮೊಣಕಾಲು ನೋಯುತ್ತಿತ್ತು, ಚಪಾತಿಗೆ ಸೊಸೆ ಕೂತಳು. ನಾನು ಪಡಸಾಲೆಯಲ್ಲಿ ಇವರ ಎದುರು ಕಾಲು ಚಾಚಿಕೊಂಡಿದ್ದೆ. ಒಳಗಿನಿಂದ ಲಟ್ಟಣಿಗೆಯ ಸದ್ದಿನ ಜೊತೆ ಸಣ್ಣಗೆ ಗುನುಗು ಕೇಳಿತು. ನನ್ನದೇ ಹಾಡು! ಯಾರೂ ಕಲಿಸಿದ್ದಲ್ಲ, ಕೇಳಿ ಕೇಳಿ ಕಿವಿಗೆ ಬಿದ್ದದ್ದು. ದೀಪ ಹಿಡಿದಳು, ಚಂದ್ರನನ್ನು ಬೈದಳು, ಗಾಳಿಯನ್ನು ಬೈದಳು, ಬಾ ಎಂದು ದನಿ ಏರಿಸಿ ಗಪ್ಪನೆ ನಿಂತಳು.

ಇವರು ಪೇಪರು ಕೆಳಗಿಳಿಸಿ ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಇವರ ಬಾಯಿ ತೆರೆಯುತ್ತಿತ್ತು, ನಾನು ಕೈ ಅಡ್ಡ ಹಿಡಿದೆ. ಅಡುಗೆಮನೆಯ ಕಡೆ ತಿರುಗಿ, ಜೋರಾಗಿ, ನಾನೇ ಅಂದೆ: "ಕಟಕ್!"

ಮುಂದಿನ ಸಾಲು ಬಂತು.